ಎರಡು ಮತಗಳ ನಡುವೆ

ಕನ್ನಡದಲ್ಲಿ ‘ಮತ’ ಎಂಬ ಒಂದೇ ಶಬ್ದ ಧರ್ಮಕ್ಕೂ ಸಲ್ಲುತ್ತದೆ, ಚುನಾವಣೆಯಲ್ಲಿ ಕೊಡುವ ಓಟಿಗೂ ಸಲ್ಲುತ್ತದೆ. ಈ ಎರಡು ಮತಗಳು ಒಬ್ಬನೇ ಮನುಷ್ಯನಲ್ಲಿ ಎದುರುಬದುರಾಗಿ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಥೊಲಿಕ್ ಧರ್ಮಸಭೆಯ ಇತಿಹಾಸದಿಂದ ಕೆಲವು ಪ್ರಸಂಗಗಳನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೊದಲನೆಯದು ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ್ದು. 1935ರಿಂದ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದವರು ಜೋಸೆಫ್ ರಮ್ಮೆಲ್. ಆ ನಾಡಿನ ಇಗರ್ಜಿಗಳಲ್ಲಿ ಕಪ್ಪುವರ್ಣೀಯರಿಗೆ ಬೇರೆ ಬೆಂಚು, ಪರಮಪ್ರಸಾದ ಸ್ವೀಕರಿಸಲು ಬೇರೆ ಸಾಲು. ಇದು ನಿಲ್ಲಬೇಕೆಂದು 1953ರಲ್ಲಿ ರಮ್ಮೆಲ್ ಆದೇಶಿಸಿದರು. 1956ರ ಫೆಬ್ರವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನಾಂಗ ಪ್ರತ್ಯೇಕತೆ ಪಾಪವೆಂದೇ ಸಾರಿದರು. ಖಾಸಗಿ ಶಾಲೆಗಳಲ್ಲೂ ಪ್ರತ್ಯೇಕತೆಯನ್ನು ಕಡ್ಡಾಯಗೊಳಿಸುವ ಮಸೂದೆಯ ಮಾತು ಆಗ ಕೇಳಿಬರುತ್ತಿತ್ತು. ಅದಕ್ಕೆ ಮತ ನೀಡುವ ಕ್ಯಾಥೊಲಿಕ್ ಶಾಸಕರು ಬಹಿಷ್ಕಾರಕ್ಕೆ ಗುರಿಯಾಗಬಹುದೆಂದು ಧರ್ಮಪ್ರಾಂತದ ಪತ್ರಿಕೆ ಎಚ್ಚರಿಸಿತು.

ಬಹಿಷ್ಕಾರವೆಂದೊಡನೆ ನಮಗೆ ಊರ ಬಾವಿಯ ನೀರು ನಿಂತುಹೋದ ಮನೆ ನೆನಪಿಗೆ ಬರುತ್ತದೆ. ಇಲ್ಲಿ ನಿಲ್ಲುವುದು ನೀರಲ್ಲ, ಪರಮಪ್ರಸಾದ. ನಂಬದವನಿಗೆ ಅದೊಂದು ಚೂರು ರೊಟ್ಟಿ. ನಂಬಿದವನಿಗೆ ಸಾಕ್ಷಾತ್ ಕ್ರಿಸ್ತನ ಶರೀರ. ಆದ್ದರಿಂದ ಈ ಶಿಕ್ಷೆ ನಿಜವಾಗಿ ನೋಯಿಸುವುದು ಶ್ರದ್ಧಾವಂತನನ್ನು ಮಾತ್ರ.

1962ರ ವಸಂತದಲ್ಲಿ, ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿದ್ದ ಎಂಬತ್ತೈದರ ರಮ್ಮೆಲ್, ತಮ್ಮ ಶಾಲೆಗಳಲ್ಲಿ ಎಲ್ಲ ವರ್ಣದ ಮಕ್ಕಳೂ ಒಟ್ಟಿಗೆ ಓದುವರೆಂದು ಘೋಷಿಸಿದರು. ವಿರೋಧ ಭುಗಿಲೆದ್ದಿತು. ಏಪ್ರಿಲ್ 16ರಂದು ಅವರು ಮೂವರನ್ನು ಬಹಿಷ್ಕರಿಸಿದರು. ಅವರಲ್ಲೊಬ್ಬ ಲಿಯಾಂಡರ್ ಪೆರೆಜ್, ನಗರದ ನೆರೆಯ ಜಿಲ್ಲೆಯೊಂದನ್ನು ದಶಕಗಳ ಕಾಲ ಅಂಗೈಯಲ್ಲಿಟ್ಟುಕೊಂಡಿದ್ದ ರಾಜಕಾರಣಿ. ಆದರೂ ಆ ವರ್ಷವೇ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆಯಿತು. ಪೆರೆಜ್ ಸಹ 1969ರಲ್ಲಿ ಸಾಯುವ ಮೊದಲು ಧರ್ಮಸಭೆಗೆ ಮರಳಿದ.

ಈ ವೃತ್ತಾಂತವನ್ನು ಮೊದಲು ಓದಿದಾಗ ನಾನು ಮನಸ್ಸಿನಲ್ಲೇ ಆ ವೃದ್ಧರಿಗೆ ಕೈಮುಗಿದೆ. ಧರ್ಮಗುರು ಎಂದರೆ ಹೀಗಿರಬೇಕು ಎಂದುಕೊಂಡೆ. ನನ್ನ ತೊಡಕು ಆರಂಭವಾದದ್ದು ಮುಂದಿನ ಪ್ರಸಂಗಗಳನ್ನು ಓದಿದಾಗ.

1973ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ತೀರ್ಪಿತ್ತಿತು. 1984ರಲ್ಲಿ ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷ ಜಾನ್ ಓಕಾನರ್, ಅದನ್ನು ಬೆಂಬಲಿಸುವ ಅಭ್ಯರ್ಥಿಗೆ ಕ್ಯಾಥೊಲಿಕನೊಬ್ಬ ಮನಸ್ಸಾಕ್ಷಿಪೂರ್ವಕವಾಗಿ ಹೇಗೆ ಮತ ನೀಡಬಲ್ಲನೆಂದು ಬಹಿರಂಗವಾಗಿ ಪ್ರಶ್ನಿಸಿದರು. ಅದೇ ರಾಜ್ಯದ ಗವರ್ನರ್, ಸ್ವತಃ ಕ್ಯಾಥೊಲಿಕರಾದ ಮಾರಿಯೊ ಕ್ವೋಮೊ, ಸೆಪ್ಟೆಂಬರ್ 13ರಂದು ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಉತ್ತರ ಕೊಟ್ಟರು. ಧರ್ಮಸಭೆಯ ಬೋಧನೆಗೆ ತಾವು ಬದ್ಧರು, ಆದರೆ ನಾನಾ ನಂಬಿಕೆಯವರು ಕೂಡಿ ಬಾಳುವ ಸಮಾಜದಲ್ಲಿ ಅದನ್ನು ಕಾನೂನಿನ ಮೂಲಕ ಎಲ್ಲರ ಮೇಲೆ ಹೇರುವುದು ಬೇರೆ ಮಾತು ಎಂಬುದು ಅವರ ವಾದದ ತಿರುಳು. ಗುಲಾಮಗಿರಿಯ ಕಾಲದಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಹೆಚ್ಚಾಗಿ ಮೌನವಾಗಿದ್ದರೆಂಬುದನ್ನೂ ಅವರು ನೆನಪಿಸಿದರು.

1989ರಲ್ಲಿ ಮಾತು ಶಿಕ್ಷೆಯಾಯಿತು. ಕ್ಯಾಲಿಫೋರ್ನಿಯಾದ ಶಾಸಕಿ ಲೂಸಿ ಕಿಲಿಯಾ ಮೇಲ್ಮನೆಯ ಉಪಚುನಾವಣೆಗೆ ನಿಂತಿದ್ದಾಗ, ಸ್ಯಾನ್ ಡಿಯಾಗೋದ ಧರ್ಮಾಧ್ಯಕ್ಷ ಲಿಯೊ ಮಾಹರ್ ಅವರಿಗೆ ಪರಮಪ್ರಸಾದ ನಿಷೇಧಿಸಿ ಪತ್ರ ಬರೆದರು. ಸುದ್ದಿ ದೇಶವೆಲ್ಲ ಹಬ್ಬಿತು. ಎದುರು ಪಕ್ಷದ ಭದ್ರ ಕ್ಷೇತ್ರವೆನಿಸಿದ್ದ ಅಲ್ಲಿ ಕಿಲಿಯಾ ಗೆದ್ದರು!

ಇಲ್ಲಿ ನಾನು ಮುಗಿದ ಕೈ ಹಿಂದೆ ಸರಿಯಿತು. ರಮ್ಮೆಲ್ ಹಿಡಿದ ಅಸ್ತ್ರವನ್ನೇ ಮಾಹರ್ ಹಿಡಿದರು. ಒಬ್ಬರನ್ನು ಮೆಚ್ಚಿ ಇನ್ನೊಬ್ಬರನ್ನು ಆಕ್ಷೇಪಿಸಲು ನನಗೆ ಆಧಾರವೇನು? ಒಂದು ಉತ್ತರ ತೋರಿತು. ರಮ್ಮೆಲ್ ಮೊದಲು ತಮ್ಮ ಮನೆಯನ್ನೇ ಗುಡಿಸಿದರು. ಅವರು ಬದಲಿಸಿದ್ದು ತಮ್ಮದೇ ಇಗರ್ಜಿಯ ಬೆಂಚುಗಳನ್ನು, ತಮ್ಮದೇ ಶಾಲೆಗಳನ್ನು. ಶಾಸಕರ ಮಸೂದೆ ಆ ಮನೆಯೊಳಕ್ಕೇ ಕೈಹಾಕುವಂಥದಾಗಿತ್ತು. ಗರ್ಭಪಾತದ ಕಾನೂನಾದರೋ ಧರ್ಮಸಭೆಗೆ ಸೇರದ ಕೋಟ್ಯಂತರ ಸ್ತ್ರೀಯರಿಗೂ ಅನ್ವಯಿಸುವಂಥದು. ಈ ಭೇದ ಸಣ್ಣದಲ್ಲ. ಆದರೆ ಇದರಿಂದ ನನಗೆ ಪೂರ್ಣ ಸಮಾಧಾನವೂ ಆಗಿಲ್ಲ. ಭ್ರೂಣವೂ ಮನುಷ್ಯಜೀವವೆಂದು ನಂಬಿದ ಧರ್ಮಾಧ್ಯಕ್ಷನಿಗೆ ಕಪ್ಪು ಮಗುವಿನ ಪರ ನಿಂತಂತೆಯೇ ಹುಟ್ಟದ ಮಗುವಿನ ಪರ ನಿಲ್ಲುವುದೂ ಕರ್ತವ್ಯವೇ. ಮೌನವಾಗಿರೆಂದು ಅವನಿಗೆ ಹೇಳುವ ನಾನು, ಗುಲಾಮಗಿರಿಯ ಕಾಲದ ಮೌನವನ್ನು ಯಾವ ಬಾಯಿಂದ ಖಂಡಿಸಲಿ?

ಆದ್ದರಿಂದ ಗುರುಪೀಠದ ಮಾತಿನ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಪ್ರಸಾದವನ್ನು ದಂಡವಾಗಿಸುವಾಗ ಮಾತ್ರ ಹಿಂಜರಿಯುತ್ತೇನೆ. ರಮ್ಮೆಲ್ಲರ ವಿಷಯದಲ್ಲೂ ಈಗ ಆ ಹಿಂಜರಿಕೆ ಸ್ವಲ್ಪ ಉಳಿದಿದೆ. ಧರ್ಮಸಭೆಯೊಳಗೂ ಇದು ತೀರ್ಮಾನವಾಗದ ವಿಷಯ. 2022ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಹಾಧರ್ಮಾಧ್ಯಕ್ಷ ಕೋರ್ಡಿಲಿಯೋನ್, ಆಗ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿಯವರಿಗೆ ಪರಮಪ್ರಸಾದ ನಿಷೇಧಿಸಿದರು. ಜೂನ್ 29ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಪೋಪ್ ಫ್ರಾನ್ಸಿಸ್ ಉಪಸ್ಥಿತರಿದ್ದ ಬಲಿಪೂಜೆಯಲ್ಲೇ, ಆಕೆ ಅದನ್ನು ಪಡೆದರು. ಅದಕ್ಕೆ ಐದು ದಿನಗಳ ಹಿಂದಷ್ಟೇ ಸರ್ವೋಚ್ಚ ನ್ಯಾಯಾಲಯ 1973ರ ತೀರ್ಪನ್ನು ರದ್ದುಗೊಳಿಸಿ, ಗರ್ಭಪಾತದ ಪ್ರಶ್ನೆಯನ್ನು ಜನರಿಗೂ ಅವರು ಆರಿಸಿದ ಪ್ರತಿನಿಧಿಗಳಿಗೂ ಮರಳಿಸಿತ್ತು. ಶಾಸಕನ ಕೈಯ ಮತ ಅಂದಿನಿಂದ ಮತ್ತಷ್ಟು ಭಾರವಾಗಿದೆ.