ಬಾಲ, ಕಿವಿ, ಬೀಗದ ಕೈ

ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ದಿನ ಬೆಂಗಳೂರಿನ ಎಷ್ಟೋ ಫ್ಲಾಟುಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಕೊಳ್ಳುತ್ತದೆ. ಬೆಳಗ್ಗೆ ಒಂದು ಹಿಡಿ ಒಣ ತಿಂಡಿ, ಸಂಜೆ ಉಪ್ಪು ಹಾಕದೆ ಬೇಯಿಸಿದ ಕೋಳಿ. ನೀರು ಎರಡು ಹೊತ್ತೂ ಬದಲಿಸಬೇಕು. ಪಟಾಕಿ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬಾರದು, ತಾನಾಗಿಯೇ ಬರುತ್ತದೆ. ಕೊನೆಯ ಸಾಲಿನಲ್ಲಿ ಪಶುವೈದ್ಯರ ನಂಬರು. ಅಷ್ಟು ಬರೆದು, ಮನೆಗೇ ಬಂದು ಸಾಕುಪ್ರಾಣಿಯನ್ನು ನೋಡಿಕೊಳ್ಳುವ ಪೆಟ್ ಸಿಟ್ಟರ್ ಕೈಗೆ ಬೀಗದ ಕೈ ಕೊಟ್ಟು, ಮನೆಯವರು ಬಾಗಿಲಲ್ಲಿ ನಿಂತು ಹೇಳುವ ಮಾತು ಒಂದೇ: ದಿನಾ ಒಂದು ಫೋಟೊ ಕಳಿಸಿ.

ಆ ಫೋಟೊದ ಹಿಂದೆ ಬಹಳ ಹಳೆಯ ಕಳವಳವಿದೆ. ಮಗುವನ್ನು ಬಿಟ್ಟು ಹೋದರೆ ಅದು ಬಂದವರ ಮುಂದೆ ಚಾಡಿಯಾದರೂ ಹೇಳೀತು. ನಾಯಿ, ಬೆಕ್ಕು, ದನಕ್ಕೆ ಆ ಬಾಯಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿಸಿದರೋ ಇಲ್ಲವೋ ಎಂಬುದಕ್ಕೆ ನೋಡಿಕೊಂಡವರ ಮಾತೇ ಆಧಾರ. ಪ್ರಾಣಿಯನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವ ಪದ್ಧತಿಯ ಚರಿತ್ರೆಯನ್ನು ತಿರುವಿದರೆ, ಆ ಮಾತಿಗೆ ಸಾಕ್ಷಿ ಹುಡುಕುವ ಪ್ರಯತ್ನವೇ ಉದ್ದಕ್ಕೂ ಕಾಣುತ್ತದೆ.

ಮಿತಾಕ್ಷರ ಎಂದಕೂಡಲೇ ನಮಗೆ ನೆನಪಾಗುವುದು ಆಸ್ತಿಪಾಲು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಆ ಗ್ರಂಥವನ್ನು ಹೆಚ್ಚಾಗಿ ಅದಕ್ಕೇ ಬಳಸಿದವು. ಆದರೆ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನದಲ್ಲಿ ಸ್ವಾಮಿಪಾಲವಿವಾದ ಎಂಬ ಪ್ರಕರಣವೂ ಇದೆ. ಸ್ವಾಮಿ ಎಂದರೆ ದನದ ಒಡೆಯ, ಪಾಲ ಎಂದರೆ ಕಾಯುವವನು. ಇಬ್ಬರ ನಡುವೆ ಜಗಳ ಬಂದರೆ ತೀರ್ಮಾನ ಹೇಗೆ ಎಂಬುದೇ ಅಲ್ಲಿನ ವಿಷಯ. ಬೆಳಗ್ಗೆ ಯಾವ ಸ್ಥಿತಿಯಲ್ಲಿ ಒಪ್ಪಿಸಿದರೋ ಸಂಜೆ ಅದೇ ಸ್ಥಿತಿಯಲ್ಲಿ ದನಗಳನ್ನು ಹಿಂತಿರುಗಿಸಬೇಕು; ಕೂಲಿ ಪಡೆದವನ ಅಜಾಗರೂಕತೆಯಿಂದ ದನ ಸತ್ತರೆ, ಕಳೆದರೆ, ಅವನೇ ಬೆಲೆ ತೆರಬೇಕು. ಅಂದರೆ ಕಾಯುವವನ ದಿನ ಲೆಕ್ಕ ಹಾಕುವುದರಿಂದ ಶುರುವಾಗಿ ಲೆಕ್ಕ ಹಾಕುವುದರಲ್ಲೇ ಮುಗಿಯಬೇಕು.

ಸಾಕ್ಷಿಯ ಮಾತನ್ನು ಇನ್ನೂ ಬಿಡಿಸಿ ಹೇಳುವುದು ಮನುಸ್ಮೃತಿಯ ಎಂಟನೆಯ ಅಧ್ಯಾಯ. ಹಗಲು ಹೊಣೆ ಕಾಯುವವನದು, ರಾತ್ರಿ ದನ ಒಡೆಯನ ಮನೆಯಲ್ಲಿದ್ದರೆ ಹೊಣೆ ಒಡೆಯನದು. ಕಳ್ಳರು ಬಲಾತ್ಕಾರವಾಗಿ ಎಳೆದೊಯ್ದಾಗ ಕೂಗಿ ಸಾರಿ, ಸಕಾಲಕ್ಕೆ ಒಡೆಯನಿಗೆ ಸುದ್ದಿ ಮುಟ್ಟಿಸಿದರೆ ಕಾಯುವವನು ನಿರ್ದೋಷಿ. ತೋಳ ಬಂದಾಗ ಓಡಿ ಬರದಿದ್ದರೆ ತಪ್ಪು ಅವನದು; ಆಡು ಕುರಿಗಳನ್ನು ಒಟ್ಟಾಗಿ ಮೇಯಿಸುತ್ತಿದ್ದಾಗ ತೋಳ ಇದ್ದಕ್ಕಿದ್ದಂತೆ ಮೇಲೆ ಬಿದ್ದರೆ ತಪ್ಪಿಲ್ಲ. ಇನ್ನು ಪ್ರಾಣಿ ತಾನಾಗಿಯೇ ಸತ್ತಿತೆನ್ನಿ. ಆಗ ಅದರ ಕಿವಿ, ಚರ್ಮ, ಬಾಲವನ್ನು ತಂದು ಒಡೆಯನಿಗೆ ತೋರಿಸಬೇಕು. ಮಾರಿಕೊಂಡು ಸತ್ತಿತೆಂದು ಸುಳ್ಳು ಹೇಳದಿರಲಿ ಎಂಬ ಎಚ್ಚರ ಅದು. ಎಲ್ಲಕ್ಕಿಂತ ಹಿಂದಿನ ಬ್ಯಾಬಿಲೋನಿನಲ್ಲಿ, ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಕಟ್ಟಳೆ ಬೇರೊಂದು ದಾರಿ ಹಿಡಿದಿತ್ತು. ಹಟ್ಟಿಯಲ್ಲಿ ದೈವದ ಪೆಟ್ಟು ಬಿದ್ದರೆ, ಇಲ್ಲವೆ ಸಿಂಹ ಕೊಂದರೆ, ಕುರುಬ ದೇವರ ಮುಂದೆ ನಿಂತು ತಾನು ನಿರ್ದೋಷಿಯೆಂದು ಹೇಳಬೇಕು, ನಷ್ಟ ಒಡೆಯನಿಗೆ. ಇಲ್ಲಿ ಬಾಲ ಕಿವಿ, ಅಲ್ಲಿ ಆಣೆ.

ಕೂಲಿಯೂ ಸ್ವಾರಸ್ಯವಾಗಿತ್ತು. ನಾರದ ಸ್ಮೃತಿಯ ಪ್ರಕಾರ 100 ಹಸು ಕಾದವನಿಗೆ ವರ್ಷಕ್ಕೊಂದು ಪಡ್ಡೆ, 200 ಕಾದವನಿಗೆ ಕರೆಯುವ ಹಸು, ಜೊತೆಗೆ ಎಂಟು ದಿನಕ್ಕೊಮ್ಮೆ ಎಲ್ಲ ಹಸುಗಳ ಹಾಲು.

ದನ ಆಸ್ತಿ, ನಾಯಿ ಮಮತೆಯ ಜೀವ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಅವರು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಬೇಕು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ದೊಡ್ಡ ಹಂದಿಯೊಂದರ ಜೊತೆ ಸೆಣಸಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ಎಂದು ಎಚ್ಚರಿಸುತ್ತದೆ. ಭೂಮಿಯ ಫಲವನ್ನು ಉಣ್ಣುವವನು ಕೆಲಸ ಮಾಡಿದ್ದಾನೋ ಇಲ್ಲವೋ ಎಂದು ನೋಡಲು ಸತ್ತ ನಾಯಿ ಎದ್ದು ಬರುವುದಿಲ್ಲವಲ್ಲ. ಅದಕ್ಕೇ ಅವನ ಊಟದ ಎಲೆಗೇ ಕರಾರು ಕಟ್ಟಿದ್ದಾರೆ. ಸಾವಿರ ವರ್ಷ ಹಳೆಯ ಆ ಕಾಳಜಿಗೆ ಎಷ್ಟು ತಲೆದೂಗಿದರೂ ಕಡಿಮೆ.

ಹಳ್ಳಿಗಳಲ್ಲಿ ಇಷ್ಟೆಲ್ಲ ಬರಹ ಬೇಕಿರಲಿಲ್ಲ. "ಅಕ್ಕಾ, ಎರಡು ದಿನ ಮದುವೆಗೆ ಹೋಗಿ ಬರ್ತೀವಿ, ಕೊಟ್ಟಿಗೆ ಕಡೆ ಸ್ವಲ್ಪ ನೋಡ್ಕೊಳ್ಳಿ" ಎಂದರೆ ಮುಗಿಯಿತು. ಪಕ್ಕದ ಮನೆಯಾಕೆ ಬಂದು ಹುಲ್ಲು ಹಾಕುತ್ತಾಳೆ, ಕಲಗಚ್ಚು ಇಡುತ್ತಾಳೆ, ಸಗಣಿ ಬಾಚುತ್ತಾಳೆ. ಹೊಸ ಕೈಗೆ ಹಸು ಹಾಲು ಬಿಡದಿದ್ದರೆ ಮನೆಯೊಡತಿಯ ಹಳೆಯ ಸೀರೆಯನ್ನು ಸುತ್ತಿಕೊಂಡು ಕರೆಯಲು ಕೂರುವ ಉಪಾಯವೂ ಇತ್ತು. ಆ ವಾಸನೆಗೆ ಹಸು ಸಮಾಧಾನವಾಗುತ್ತದೆ ಎಂಬ ನಂಬಿಕೆ. ಆ ಎರಡು ದಿನದ ಹಾಲು ಅವಳಿಗೆ. ಮುಂದಿನ ತಿಂಗಳು ಅವಳು ತವರಿಗೆ ಹೋದಾಗ ಇವರ ಸರದಿ. ಸಾಕ್ಷಿಗೆ ಇಡೀ ಬೀದಿಯೇ ಇರುತ್ತಿತ್ತು: ಒಂದು ಹೊತ್ತು ತಪ್ಪಿದರೆ ಹಸಿದ ದನದ ಕೂಗು ಎಲ್ಲರ ಕಿವಿಗೂ ಬೀಳುತ್ತಿತ್ತು.

ಇಂಥ ಕೊಟ್ಟಿಗೆಯ ವಾಸನೆ 1872ರ ಭಾರತೀಯ ಕರಾರು ಕಾಯಿದೆಯಲ್ಲೂ ಇದೆ. ಇನ್ನೊಬ್ಬರ ವಶಕ್ಕೆ ಒಪ್ಪಿಸಿದ ವಸ್ತುವಿನ ಕುರಿತ ಭಾಗದಲ್ಲಿ, 163ನೆಯ ಸೆಕ್ಷನ್ನಿನ ಕೆಳಗೆ, ಒಂದು ಪುಟ್ಟ ಉದಾಹರಣೆ. ಒಬ್ಬ ತನ್ನ ಹಸುವನ್ನು ನೋಡಿಕೊಳ್ಳಲೆಂದು ಇನ್ನೊಬ್ಬನ ಬಳಿ ಬಿಡುತ್ತಾನೆ, ಅಲ್ಲಿ ಅದು ಕರು ಹಾಕುತ್ತದೆ. ಹಿಂತಿರುಗಿಸುವಾಗ ಹಸುವಿನ ಜೊತೆ ಕರುವನ್ನೂ ಕೊಡಬೇಕು. 151ನೆಯ ಸೆಕ್ಷನ್ ಇನ್ನೂ ಮುಖ್ಯ: ಸಾಮಾನ್ಯ ವಿವೇಕವಿರುವ ವ್ಯಕ್ತಿ ತನ್ನ ಸ್ವಂತದ್ದನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಒಪ್ಪಿಸಿದ್ದನ್ನೂ ನೋಡಿಕೊಳ್ಳಬೇಕು.

ನೆರೆಹೊರೆ ಎಂಬ ಆ ಆಸರೆ ಕುಸಿದರೆ ಏನಾಗುತ್ತದೆಂಬುದನ್ನು 1939ರ ಸೆಪ್ಟೆಂಬರಿನಲ್ಲಿ ಲಂಡನ್ ಕಂಡಿತು. ಯುದ್ಧದ ಭಯಕ್ಕೆ ನಗರ ಖಾಲಿಯಾಗುತ್ತಿತ್ತು. ವಾಯುದಾಳಿಯ ಹೊತ್ತಿಗೆ ಪ್ರಾಣಿಗಳನ್ನು ಏನು ಮಾಡಬೇಕೆಂದು ತಿಳಿಸಲು ರಚಿಸಿದ್ದ ಸಮಿತಿಯ ಕರಪತ್ರ, ಸಾಧ್ಯವಾದರೆ ಅವನ್ನು ಹಳ್ಳಿಗೆ ಸಾಗಿಸಿ, ನೆರೆಯವರಿಗೆ ಒಪ್ಪಿಸಲೂ ಆಗದಿದ್ದರೆ ಕೊಲ್ಲಿಸುವುದೇ ಕರುಣೆ ಎಂದು ಸಲಹೆ ಮಾಡಿತ್ತು. ಒಂದು ಬಾಂಬೂ ಬೀಳುವ ಮೊದಲೇ, ಯುದ್ಧದ ಮೊದಲ ವಾರದಲ್ಲಿ, ಪ್ರಾಣಿವೈದ್ಯರ ಬಾಗಿಲಲ್ಲಿ ಜನ ಸಾಲುಗಟ್ಟಿದರು. ಹಾಗೆ ಸತ್ತ ಬೆಕ್ಕು ನಾಯಿಗಳು ಸುಮಾರು 4 ಲಕ್ಷ ಎನ್ನುತ್ತಾರೆ ಇತಿಹಾಸಕಾರ್ತಿ ಹಿಲ್ಡಾ ಕೀನ್. ಸಾಯಿಸಲು ತಂದವರು ಕಟುಕರಲ್ಲ, ಹೊತ್ತು ಹೊತ್ತಿಗೆ ತಟ್ಟೆ ತುಂಬಿಸುತ್ತಿದ್ದವರು. ಆ ಸಂಖ್ಯೆಯನ್ನು ಓದಿ ಮುಂದಿನ ಸಾಲಿಗೆ ಹೋಗುವುದು ಕಷ್ಟ.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ರಜೆಗೆ ಹೋಗುವವರು ನಾಯಿ ಬೆಕ್ಕುಗಳನ್ನು ಬಿಡುವ ಬೋರ್ಡಿಂಗುಗಳು ಬೆಳೆದವು. 1963ರ ಕಾಯಿದೆ ಅವಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿ, ಪ್ರಾಣಿ ಬಂದ ತಾರೀಖು, ಹೋದ ತಾರೀಖು, ಒಡೆಯರ ಹೆಸರು ವಿಳಾಸ ಬರೆಯುವ ರಿಜಿಸ್ಟರ್ ಇಡಬೇಕೆಂದಿತು. ಸಾಕ್ಷಿ ಈಗ ಕಾಗದಕ್ಕೆ ಇಳಿಯಿತು.

ಆದರೆ ಬೋರ್ಡಿಂಗು ಬೆಕ್ಕಿಗೆ ಸುಲಭವಾಗಿ ಒಗ್ಗುವುದಿಲ್ಲ. ಕುರ್ಚಿ ಕಾಲಿಗೆ, ಬಾಗಿಲ ಚೌಕಟ್ಟಿಗೆ ಕೆನ್ನೆ ಉಜ್ಜಿ ಉಜ್ಜಿ ಅದು ಮನೆಯನ್ನೇ ತನ್ನ ವಾಸನೆಯಿಂದ ಗುರುತು ಮಾಡಿಕೊಂಡಿರುತ್ತದೆ. ಬೇರೆ ಜಾಗದಲ್ಲಿ ಆ ಗುರುತು ಸಿಗದೆ ಮೂಲೆ ಸೇರುತ್ತದೆ, ಊಟ ಬಿಡುತ್ತದೆ. ಹಾಗಾದರೆ ಪ್ರಾಣಿಯನ್ನು ಒಯ್ಯುವ ಬದಲು ನೋಡಿಕೊಳ್ಳುವವರೇ ಅದರ ಮನೆಗೆ ಬರಲಿ ಎಂಬ ಯೋಚನೆ ಅಮೆರಿಕದಲ್ಲಿ ಕಸುಬಾಯಿತು. ಉತ್ತರ ಕ್ಯಾರೊಲಿನಾದ ಪ್ಯಾಟಿ ಮೊರಾನ್ 1983ರಲ್ಲಿ ಈ ಕೆಲಸ ಶುರು ಮಾಡಿ, 1987ರಲ್ಲಿ ಅದರ ಬಗ್ಗೆಯೇ ಪುಸ್ತಕ ಬರೆದು, 1994ರಲ್ಲಿ ಪೆಟ್ ಸಿಟ್ಟರ್ಸ್ ಇಂಟರ್‌ನ್ಯಾಷನಲ್ ಎಂಬ ಸಂಘ ಕಟ್ಟಿದರು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಕೆಲಸಕ್ಕಾಗಿ ಊರು ಬಿಟ್ಟು ಬಂದು ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ಬಡಾವಣೆಗಳೇ ಈ ಕಸುಬಿಗೆ ನೆಲ. ಆದರೆ ಗುರುತಿಲ್ಲದವರಿಗೆ ಬೀಗದ ಕೈ ಕೊಡುವುದೆಂದರೆ ಪ್ರಾಣಿಯ ಜೊತೆ ಮನೆಯನ್ನೂ ಒಪ್ಪಿಸಿದಂತೆ. ಹಾಗಾಗಿ ವಿಮೆ, ಕಳವಾದರೆ ತುಂಬಿಕೊಡುವ ಬಾಂಡ್, ಚಿಕಿತ್ಸೆಗೆ ಮುಂಚಿತವಾಗಿ ಕೊಡುವ ಒಪ್ಪಿಗೆ ಪತ್ರ, ಎಲ್ಲವೂ ಕಸುಬಿನ ಭಾಗವಾದವು. 2011ರಲ್ಲಿ ಸಿಯಾಟಲ್‌ನಲ್ಲಿ ಸಿಟ್ಟರ್‌ಗಳನ್ನು ಹುಡುಕಿಕೊಡುವ ರೋವರ್ ಎಂಬ ಆನ್‌ಲೈನ್ ಕಂಪನಿ ಶುರುವಾದ ಮೇಲೆ ಈ ನಂಬಿಕೆಯ ವ್ಯವಹಾರ ಫೋನಿನ ಪರದೆಗೆ ಬಂತು. ಹಳೆಯ ಗಿರಾಕಿಗಳ ಅನಿಸಿಕೆಗಳೇ ಹೊಸ ಬೀದಿಯ ಸಾಕ್ಷಿ.

ನಮ್ಮಲ್ಲಿ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರ ಹೋರಾಟದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಸೆಕ್ಷನ್, ಪ್ರಾಣಿಯ ಕ್ಷೇಮದ ಹೊಣೆಯನ್ನು ಒಡೆಯನ ಮೇಲಷ್ಟೇ ಹೊರಿಸಿಲ್ಲ, ಅದು ಯಾರ ವಶದಲ್ಲಿದೆಯೋ ಅವರ ಮೇಲೂ ಹೊರಿಸಿದೆ. ಬೀಗದ ಕೈ ಪಡೆದ ಗಳಿಗೆಯಿಂದ ಸಿಟ್ಟರ್ ಕೂಡ ಆ ಮಾತಿಗೆ ಒಳಪಡುತ್ತಾರೆ.

ಒಳ್ಳೆಯ ಸಿಟ್ಟರ್ ಮೊದಲ ದಿನ ಬೆಕ್ಕನ್ನು ಹುಡುಕಿ ಎತ್ತಿಕೊಳ್ಳುವುದಿಲ್ಲ. ನೆಲದ ಮೇಲೆ ಕೂತು ಕಾಯುತ್ತಾರೆ. ಅಲ್ಮೇರಾದ ಹಿಂದಿನಿಂದ ಬಾಲದ ತುದಿ ಕಂಡರೆ ಅದರದ್ದೇ ಒಂದು ಫೋಟೊ ಹೋಗುತ್ತದೆ. ಅದಕ್ಕಿಂತ ಹೆಚ್ಚು ಬೆಲೆಯದು ಬಟ್ಟಲಿನ ಫೋಟೊ. ಕೆಲವು ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೆ ಕುತ್ತಾಗಬಹುದು, ಮೈತುಂಬಿದ ಬೆಕ್ಕಿಗಂತೂ ಅಪಾಯ ಜಾಸ್ತಿ. ಹಾಗಾಗಿ ಎರಡನೆಯ ದಿನವೂ ಬಟ್ಟಲು ತುಂಬಿದಂತೆಯೇ ಇದ್ದರೆ ಸಿಟ್ಟರ್ ಮನೆಯವರಿಗೆ ತಿಳಿಸಿ, ಫ್ರಿಜ್ಜಿನ ಚೀಟಿಯ ಕೊನೆಯ ಸಾಲಿನ ನಂಬರಿಗೆ ಫೋನು ಮಾಡುತ್ತಾರೆ. ತಳ ಕಂಡಿದ್ದರೆ ಬಟ್ಟಲನ್ನು ತೊಳೆದು, ಮತ್ತೆ ತುಂಬಿಸಿ, ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿ ಲಿಫ್ಟಿನ ಕಡೆ ನಡೆಯುತ್ತಾರೆ.