ತೊಂಬತ್ತೆಂಟು ಮತ್ತು ಆರು: ಅಮೆರಿಕದ ಮುಂದಾಳುತನವನ್ನು ಕುರಿತ ಬ್ರಿಟಿಷ್ ಮನೋಧರ್ಮ

1945ರ ಡಿಸೆಂಬರ್ 13ರಂದು ಬ್ರಿಟನ್ನಿನ ಕಾಮನ್ಸ್ ಸಭೆಯು ಅಮೆರಿಕದೊಡನೆ ಆಗಿದ್ದ ಸಾಲದ ಕರಾರನ್ನು 345 ಮತಗಳಿಂದ ಅಂಗೀಕರಿಸಿದಾಗ ವಿರೋಧವಾಗಿ ಬಿದ್ದ ಮತಗಳು 98. ಅದೇ ಸಭೆಯು, ಹೆಚ್ಚುಕಡಿಮೆ ಅದೇ ಸದಸ್ಯರನ್ನೊಳಗೊಂಡು, 1949ರ ಮೇ 12ರಂದು ಉತ್ತರ ಅಟ್ಲಾಂಟಿಕ್ ಒಪ್ಪಂದವನ್ನು ಮತಕ್ಕೆ ಹಾಕಿದಾಗ ಪರವಾಗಿ ಬಂದವು 333, ವಿರೋಧವಾಗಿ ಆರೇ ಆರು. ಹಣವನ್ನು ಕಡ ತರುವ ವಿಷಯದಲ್ಲಿ ಅಷ್ಟೊಂದು ಕಸಿವಿಸಿಗೊಂಡ ಜನಾಂಗವು, ದೇಶದ ರಕ್ಷಣೆಯನ್ನೇ ಅನ್ಯರ ಆಶ್ವಾಸನೆಯೊಡನೆ ಕಟ್ಟಿಹಾಕುವ ಸಂದರ್ಭದಲ್ಲಿ ಇಷ್ಟು ನಿರಾತಂಕವಾಗಿದ್ದುದೇಕೆ? ನಡುವಣ ಮೂರೂವರೆ ವರ್ಷಗಳಲ್ಲಿ ರಷ್ಯದ ಭೀತಿ ಬೆಳೆಯಿತು, 1948ರಲ್ಲಿ ಪ್ರಾಗ್ ಕಮ್ಯೂನಿಸ್ಟರ ಕೈಸೇರಿತು, ಬರ್ಲಿನ್ನಿಗೆ ದಿಗ್ಬಂಧನವಾಯಿತು ಎಂಬ ಉತ್ತರವು ಸುಲಭವಾದುದು, ಸತ್ಯವೂ ಹೌದು. ಆದರೆ ಅದು ಆರನ್ನು ವಿವರಿಸುತ್ತದೆಯೇ ಹೊರತು ತೊಂಬತ್ತೆಂಟನ್ನು ವಿವರಿಸುವುದಿಲ್ಲ.

ಯುದ್ಧಕಾಲದಲ್ಲಿ ಬ್ರಿಟನ್ನು ಉಸಿರಾಡಿದುದು 1941ರ ಮಾರ್ಚಿಯಲ್ಲಿ ಶಾಸನವಾದ ಅಮೆರಿಕದ ಲೆಂಡ್-ಲೀಸ್ ನೆರವಿನ ವ್ಯವಸ್ಥೆಯ ಬಲದಿಂದ. ಜಪಾನು ಶರಣಾದ ಕೆಲವೇ ದಿವಸಗಳಲ್ಲಿ, 1945ರ ಆಗಸ್ಟಿನಲ್ಲಿ, ಅಧ್ಯಕ್ಷ ಟ್ರೂಮನ್ನರು ಅದನ್ನು ಹಠಾತ್ತಾಗಿ ನಿಲ್ಲಿಸಿಬಿಟ್ಟರು. ಆಗತಾನೆ ಅಧಿಕಾರಕ್ಕೆ ಬಂದಿದ್ದ ಆಟ್ಲಿಯವರ ಸರ್ಕಾರದ ಪರವಾಗಿ ವಾಷಿಂಗ್ಟನ್ನಿಗೆ ತೆರಳಿದ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸರು, ನಾಜಿಗಳ ವಿರುದ್ಧ ಒಂದು ವರ್ಷ ಕಾಲ ಏಕಾಕಿಯಾಗಿ ನಿಂತ ದೇಶಕ್ಕೆ ದಾನವೇ ದೊರೆತೀತು, ಅದಿಲ್ಲವಾದರೆ ಬಡ್ಡಿಯಿಲ್ಲದ ಸಾಲವಾದರೂ ದೊರೆತೀತು ಎಂಬ ನಿರೀಕ್ಷೆಯನ್ನು ಹೊತ್ತು ಹೋದವರು. ಮೂರು ತಿಂಗಳ ಚೌಕಾಶಿಯ ಅನಂತರ ಅವರು ತಂದುದು ಶೇಕಡ 2ರ ಬಡ್ಡಿಯ, 1951ರಿಂದ ತೊಡಗಿ ಐವತ್ತು ವಾರ್ಷಿಕ ಕಂತುಗಳಲ್ಲಿ ತೀರಿಸಬೇಕಾದ, 375 ಕೋಟಿ ಡಾಲರುಗಳ ಸಾಲವನ್ನು. ಲೆಂಡ್-ಲೀಸಿನ ಬಾಕಿಯ ತೀರ್ಮಾನಕ್ಕೆಂದು ಇನ್ನೂ 65 ಕೋಟಿ ಡಾಲರುಗಳು ಇದರೊಡನೆ ಸೇರಿದುವು. ಸಾಲವು ಜಾರಿಗೆ ಬಂದ ಒಂದು ವರ್ಷದೊಳಗಾಗಿ ಸ್ಟರ್ಲಿಂಗ್ ನಾಣ್ಯವನ್ನು ಡಾಲರಿಗೆ ಮುಕ್ತವಾಗಿ ಬದಲಾಯಿಸಲು ಅವಕಾಶ ಮಾಡಿಕೊಡತಕ್ಕದ್ದೆಂಬುದು ಮುಖ್ಯ ನಿಬಂಧನೆ. ಅದನ್ನು ಪಾಲಿಸಲೆಂದು 1947ರ ಜುಲೈ 15ರಂದು ತೆರೆದ ಬಾಗಿಲನ್ನು ಆಗಸ್ಟ್ 20ರಂದೇ ಮುಚ್ಚಬೇಕಾಯಿತು. ಅಷ್ಟರಲ್ಲಿ ಸಾಲದ ಬಹುಭಾಗವು ಕರಗಿಹೋಗಿದ್ದಿತು.

ಈ ಕರಾರನ್ನು ವಿರೋಧಿಸಿದವರು ಯಾರು ಎಂದು ಪರಿಶೀಲಿಸಿದಲ್ಲಿ ಕುತೂಹಲಕರವಾದ ನೆರೆಹೊರೆ ಕಾಣಿಸುತ್ತದೆ. ಒಂದೆಡೆಯಲ್ಲಿ, ಸಾಮ್ರಾಜ್ಯದ ವ್ಯಾಪಾರ ರಿಯಾಯತಿಗಳು ಅಮೆರಿಕದ ಪಾಲಾಗುವುವೆಂದು ಕುಪಿತರಾದ ಕನ್ಸರ್ವೇಟಿವ್ ಪಕ್ಷದ ಸಾಮ್ರಾಜ್ಯವಾದಿಗಳು; ಇವರ ಪೈಕಿ ರಾಬರ್ಟ್ ಬೂತ್‌ಬಿಯವರು ಕರಾರನ್ನು ಮ್ಯೂನಿಕ್ಕಿನ ಶರಣಾಗತಿಗೆ ಹೋಲಿಸಿದರು. ಇನ್ನೊಂದೆಡೆಯಲ್ಲಿ, ಬಂಡವಾಳಶಾಹಿಯ ಹಂಗಿನಲ್ಲಿ ಸಮಾಜವಾದವನ್ನು ಕಟ್ಟಲಾಗದೆಂದು ನಂಬಿದ ಮೈಕೇಲ್ ಫುಟ್, ಬಾರ್ಬರಾ ಕ್ಯಾಸಲ್, ಜೇಮ್ಸ್ ಕ್ಯಾಲಹನ್ ಮೊದಲಾದ ಲೇಬರ್ ಪಕ್ಷದ ತರುಣರು. ಚರ್ಚಿಲ್ಲರೋ ತಮ್ಮ ಪಕ್ಷಕ್ಕೆ ತಟಸ್ಥವಾಗಿರಲು ಹೇಳಿ, ಮೂರೇ ತಿಂಗಳಲ್ಲಿ ಅಮೆರಿಕದ ಫುಲ್ಟನ್ನಿಗೆ ಹೋಗಿ ಆಂಗ್ಲ-ಅಮೆರಿಕನ್ ಬಾಂಧವ್ಯದ ಮಹಿಮೆಯನ್ನು ಸಾರಿದರು. ರಾಜಕೀಯದಲ್ಲಿ ಪರಸ್ಪರ ವಿರುದ್ಧರಾಗಿದ್ದ ಇವರನ್ನು ಒಂದುಗೂಡಿಸಿದುದು ಅಮೆರಿಕದ ದ್ವೇಷವೆಂದು ಹೇಳುವುದು ಅನ್ಯಾಯವಾದೀತು. ಇವರೆಲ್ಲರಿಗೂ ನೋವಾದುದು ಲೆಕ್ಕದ ರೀತಿಯಿಂದ: ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕಾಲ ಹೋರಾಡಿದುದರಿಂದಲೇ ಬಡವಾದ ದೇಶವನ್ನು, ವ್ಯಾಪಾರದಲ್ಲಿ ದಿವಾಳಿಯೆದ್ದ ಅಂಗಡಿಕಾರನಂತೆ ಕಾಣಬಹುದೆ? ಲಾರ್ಡ್ಸ್ ಸಭೆಯಲ್ಲಿ ಕರಾರನ್ನು ಸಮರ್ಥಿಸಿ ಮಾತನಾಡಿದ ಕೇನ್ಸರು ಸಹ, ಸಾಲವು ಬಡ್ಡಿಯಿಂದ ಮುಕ್ತವಾಗಿಲ್ಲದುದಕ್ಕಾಗಿ ಬದುಕಿರುವವರೆಗೂ ತಮಗೆ ವ್ಯಥೆಯಿರುವುದೆಂದು ಒಪ್ಪಿಕೊಂಡರು. ಅವರ ಬದುಕಿನಲ್ಲಿ ಆಗ ಉಳಿದಿದ್ದುದು ನಾಲ್ಕೇ ತಿಂಗಳು.

ಇಲ್ಲಿ ಭಾರತೀಯ ವಾಚಕನು ಕ್ಷಣಕಾಲ ನಿಲ್ಲಬೇಕಾಗುತ್ತದೆ. ಏಕೆಂದರೆ ಇದೇ ಕರಾರಿನಲ್ಲಿ ನಮ್ಮ ಹೆಸರೂ ಮರೆಯಲ್ಲಿದ್ದಿತು. ಯುದ್ಧಕ್ಕಾಗಿ ಭಾರತದಲ್ಲಿ ಕೊಂಡ ಸರಕಿಗೆ ಬ್ರಿಟನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ಲೆಕ್ಕಕ್ಕೆ ಜಮೆ ಮಾಡುತ್ತ ಹೋಯಿತು, ರಿಜರ್ವ್ ಬ್ಯಾಂಕು ಅದರ ಆಧಾರದ ಮೇಲೆ ಇಲ್ಲಿ ನೋಟುಗಳನ್ನು ಅಚ್ಚುಹಾಕುತ್ತ ಹೋಯಿತು, ಬೆಲೆಗಳು ಎರಡು ಪಟ್ಟನ್ನು ಮೀರಿದುವು, ಬಂಗಾಳವು ಕ್ಷಾಮದಲ್ಲಿ ಬೆಂದಿತು. ಯುದ್ಧವು ಮುಗಿದಾಗ ಲಂಡನ್ನಿನಲ್ಲಿ ನಮ್ಮ ಶಿಲ್ಕು ಸುಮಾರು 1,700 ಕೋಟಿ ರೂಪಾಯಿ. ಬ್ರೆಟನ್‌ವುಡ್ಸ್‌ನಲ್ಲಿ 1944ರಲ್ಲಿ 44 ದೇಶಗಳು ನೆರೆದಾಗ, ಈ ಶಿಲ್ಕುಗಳ ಪ್ರಶ್ನೆಯನ್ನು ಹೊಸ ಹಣಕಾಸು ನಿಧಿಯ ವ್ಯಾಪ್ತಿಗೆ ತರಬೇಕೆಂದು ಭಾರತದ ನಿಯೋಗವು ವಾದಿಸಿತು. ಅದು ಸಾಲಿಗನಿಗೂ ಸಾಲಗಾರನಿಗೂ ಸಂಬಂಧಿಸಿದ ಮನೆವಾರ್ತೆಯೆಂದು ಹೇಳಿ ಅದನ್ನು ಬದಿಗಿಟ್ಟವರಲ್ಲಿ ಕೇನ್ಸರೂ ಒಬ್ಬರು. 1945ರ ಕರಾರಾದರೋ, ಇಂಥ ಶಿಲ್ಕುಗಳಲ್ಲಿ ಒಂದು ಪಾಲನ್ನು ವಜಾ ಮಾಡುವ ಉದ್ದೇಶವನ್ನು ಸ್ಪಷ್ಟವಾಗಿಯೇ ಬರೆದಿಟ್ಟಿತು. ತ್ಯಾಗವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ವಾಷಿಂಗ್ಟನ್ನನ್ನು ದೂರಿದವರೇ, ಭಾರತದ ಮಾತು ಬಂದಾಗ, ನಿಮ್ಮನ್ನು ರಕ್ಷಿಸಿದ್ದಕ್ಕೆ ಮಜುರೆ ಹಾಕಿಕೊಳ್ಳುತ್ತೇವೆ ಎಂಬ ಧಾಟಿಗೆ ಇಳಿದರು. ಭಾರತವು ವಜಾಕ್ಕೆ ಒಪ್ಪಲಿಲ್ಲ. ಬ್ರಿಟಿಷ್ ಅಸಮಾಧಾನವನ್ನು ಬರಿಯ ನ್ಯಾಯದ ಹಂಬಲವೆಂದು ಚಿತ್ರಿಸುವ ಇತಿಹಾಸಕಾರರು ಈ ಪುಟವನ್ನು ಸಾಮಾನ್ಯವಾಗಿ ಮಗುಚುವುದಿಲ್ಲ.

ಸೈನಿಕ ಮೈತ್ರಿಯ ಕಥೆಯು ಬೇರೆ. ಅದರಲ್ಲಿ ಬ್ರಿಟನ್ನಿಗೆ ಯಾಚಕನ ಪಾತ್ರವಿರಲಿಲ್ಲ, ಸೂತ್ರಧಾರನ ಪಾತ್ರವಿದ್ದಿತು. ಅಥವಾ ಇದ್ದಿತೆಂದು ಅದು ನಂಬಿತು. ಗ್ರೀಸ್ ಮತ್ತು ತುರ್ಕಿಗಳ ಭಾರವನ್ನು ಇನ್ನು ಹೊರಲಾರೆವೆಂದು 1947ರ ಫೆಬ್ರವರಿಯಲ್ಲಿ ತಿಳಿಸಿ ಅಮೆರಿಕವನ್ನು ಯೂರೋಪಿಗೆ ಎಳೆದು ತಂದವರೂ, 1948ರ ಮಾರ್ಚಿಯಲ್ಲಿ ಬ್ರಸೆಲ್ಸ್ ಒಪ್ಪಂದವನ್ನು ಮಾಡಿ ಯೂರೋಪು ತನ್ನ ಕಾಲಮೇಲೆ ನಿಲ್ಲಲು ಸಿದ್ಧವೆಂದು ತೋರಿಸಿದವರೂ ತಾವೇ ಎಂಬ ಅಭಿಮಾನವು ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ನರಿಗೆ ಇದ್ದಿತು. ಡ್ರೈವರನಾಗಿ ಬಂಡಿ ಹೊಡೆದು, ಕಾರ್ಮಿಕ ಸಂಘ ಕಟ್ಟಿ ಮೇಲೆ ಬಂದ ಈ ಮನುಷ್ಯನಿಗೆ, ಒಕ್ಕೂಟವೆಂದರೆ ದುರ್ಬಲನು ಪ್ರಬಲನನ್ನು ನಿಯಮಕ್ಕೆ ಒಳಪಡಿಸುವ ಉಪಾಯವೆಂಬುದು ಅನುಭವಸಿದ್ಧವಾಗಿದ್ದಿತೆಂದು ನನ್ನ ಊಹೆ. ಆದರೆ ಅವರು ಅಮೆರಿಕವನ್ನು ಪೂರ್ಣವಾಗಿ ನಂಬಿದವರೂ ಅಲ್ಲ: 1946ರ ಮೆಕ್‌ಮಹನ್ ಶಾಸನವು ಅಣುವಿದ್ಯೆಯ ಸಹಭಾಗಿತ್ವವನ್ನು ಕತ್ತರಿಸಿದ ಮೇಲೆ, ಬ್ರಿಟನ್ನಿಗೆ ಸ್ವಂತ ಬಾಂಬು ಬೇಕೇ ಬೇಕೆಂದು ಹಟ ಹಿಡಿದವರಲ್ಲಿ ಅವರೇ ಮೊದಲಿಗರು. ಒಪ್ಪಂದದ ಸಂಸ್ಥೆಗೆ 1952ರಲ್ಲಿ ಮೊದಲನೆಯ ಪ್ರಧಾನ ಕಾರ್ಯದರ್ಶಿಯಾದವರು ಸಹ ಬ್ರಿಟಿಷರೇ, ನೈನಿತಾಲಿನಲ್ಲಿ ಹುಟ್ಟಿದ ಲಾರ್ಡ್ ಇಸ್ಮೇ. ಇಂತಹ ಗೌರವಗಳು ಸಲ್ಲುತ್ತಿರುವವರೆಗೆ ಅಮೆರಿಕದ ಹಿರಿತನವು ಬ್ರಿಟಿಷರಿಗೆ ಸಹ್ಯವಾಗಿದ್ದಿತು.

ಸಾಲ ಬೇರೆ, ಮೈತ್ರಿ ಬೇರೆ ಎಂಬ ಈ ಎಣಿಕೆಯು ಅಟ್ಲಾಂಟಿಕ್ ಸಾಗರದಿಂದ ಈಚೆಗೆ ಮಾತ್ರ ನಡೆಯುತ್ತಿದ್ದಿತು. ಅಮೆರಿಕದಲ್ಲಿ ಎರಡಕ್ಕೂ ಖಾತೆ ಒಂದೇ. ಸಾಲದ ಮಸೂದೆಯು ಅಮೆರಿಕದ ಸೆನೆಟಿನಲ್ಲಿ 46ಕ್ಕೆ 34 ಮತಗಳಿಂದ ಪಾರಾದುದು ಕೇನ್ಸರ ಅರ್ಥಶಾಸ್ತ್ರದಿಂದಲ್ಲ. 1946ರ ವಸಂತದ ಹೊತ್ತಿಗೆ ಮೂಡಿದ್ದ ರಷ್ಯದ ಶಂಕೆಯು ಅಲ್ಲಿ ಹೆಚ್ಚು ಕೆಲಸ ಮಾಡಿತು. ಲಂಡನ್ನು ಇದನ್ನು ಗ್ರಹಿಸಲು ಹತ್ತು ವರ್ಷಗಳು ಬೇಕಾದುವು.

1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರರು ಸೂಯೆಜ್ ಕಾಲುವೆಯ ಕಂಪನಿಯನ್ನು ರಾಷ್ಟ್ರೀಕರಿಸಿದರು. ಅಕ್ಟೋಬರಿನ ಕೊನೆಯಲ್ಲಿ ಬ್ರಿಟನ್ನು ಮತ್ತು ಫ್ರಾನ್ಸುಗಳು ವಿಮಾನದಾಳಿ ತೊಡಗಿ, ನವೆಂಬರ್ 5ರಂದು ಸೈನ್ಯವನ್ನು ಇಳಿಸಿದುವು. ಮರುದಿನ ಮಧ್ಯರಾತ್ರಿಗೆ ಯುದ್ಧವೇ ನಿಂತುಹೋಯಿತು. ರಣರಂಗದಲ್ಲಿ ಸೋಲಾಗಿರಲಿಲ್ಲ. ಸ್ಟರ್ಲಿಂಗ್ ಕುಸಿಯುತ್ತಿದ್ದಿತು, ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ತನ್ನ ಪಾಲಿನ ಹಣವನ್ನು ತೆಗೆಯಲು ಬ್ರಿಟನ್ನಿಗೆ ಬೇಕಾಗಿದ್ದ ಅಮೆರಿಕದ ಸಮ್ಮತಿಯು ದೊರೆಯಲಿಲ್ಲ. ಅರ್ಥಸಚಿವ ಮ್ಯಾಕ್‌ಮಿಲನ್ನರು ನಷ್ಟವನ್ನು ಸಂಪುಟದ ಮುಂದೆ ಹಿಗ್ಗಿಸಿ ಹೇಳಿದರೆಂದು ಅನಂತರದ ಸಂಶೋಧಕರು ಆಕ್ಷೇಪಿಸಿರುವರಾದರೂ, ಒತ್ತಡವು ಸುಳ್ಳಾಗಿರಲಿಲ್ಲ. ಸೈನ್ಯವನ್ನು ಹಿಂದೆಗೆಯಲು ಒಪ್ಪಿದ ಬಳಿಕ, ಡಿಸೆಂಬರಿನಲ್ಲಿ, ನಿಧಿಯು ಸುಮಾರು 130 ಕೋಟಿ ಡಾಲರುಗಳ ನೆರವಿಗೆ ಮಂಜೂರಾತಿ ನೀಡಿತು. ನೂರಕ್ಕೂ ಮೀರಿದ ಕನ್ಸರ್ವೇಟಿವ್ ಸದಸ್ಯರು ಅಮೆರಿಕವನ್ನು ಖಂಡಿಸುವ ಸೂಚನೆಗೆ ಸಹಿ ಹಾಕಿದರು. ಆದರೂ ಪ್ರಧಾನಿ ಈಡನ್ನರ ರಾಜೀನಾಮೆಯ ತರುವಾಯ ಆ ಸ್ಥಾನಕ್ಕೆ ಬಂದ ಮ್ಯಾಕ್‌ಮಿಲನ್ನರು 1957ರ ಮಾರ್ಚಿಯಲ್ಲಿ ಬರ್ಮುಡಾಕ್ಕೆ ಹೋಗಿ ಐಸೆನ್‌ಹೋವರರೊಡನೆ ಸ್ನೇಹವನ್ನು ಮತ್ತೆ ಬೆಸೆದುಕೊಂಡರು. ಫ್ರಾನ್ಸಾದರೋ ಇದೇ ಪ್ರಸಂಗದಿಂದ ವಿರುದ್ಧವಾದ ಪಾಠವನ್ನು ಕಲಿತು ಬೇರೆ ದಾರಿ ಹಿಡಿಯಿತು. ಹಣದ ಹಂಗಿಗೆ ಸಿಕ್ಕ ದೇಶವು ತನ್ನ ನಿರ್ಧಾರದ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತದೆ: ತೊಂಬತ್ತೆಂಟು ಮಂದಿ 1945ರಲ್ಲಿ ಹೇಳಹೊರಟಿದ್ದು ಇದನ್ನೇ ಎಂದು ನಾನು ಭಾವಿಸುತ್ತೇನೆ. ಅವರ ಪರಿಹಾರಗಳು ಅಸಾಧ್ಯವಾಗಿದ್ದುವು, ರೋಗನಿದಾನವು ಸರಿಯಾಗಿದ್ದಿತು.

ಆ ಸಾಲದ ಕೊನೆಯ ಕಂತು ಸಂದಾಯವಾದುದು 2006ರ ಡಿಸೆಂಬರಿನಲ್ಲಿ. ಐವತ್ತು ಕಂತುಗಳು ಆರು ವರ್ಷ ತಡವಾಗಿ ಮುಗಿದುವು, ಏಕೆಂದರೆ ಆರು ಬಾರಿ ಪಾವತಿಯನ್ನು ಮುಂದೂಡಲಾಗಿದ್ದಿತು: ಮೊದಲನೆಯ ಬಾರಿ ಸೂಯೆಜಿನ ವರ್ಷವಾದ 1956ರಲ್ಲಿ, ಕೊನೆಯ ಬಾರಿ 1976ರಲ್ಲಿ, ಹಣಕಾಸು ನಿಧಿಯ ಮುಂದೆ ಮತ್ತೊಮ್ಮೆ ಕೈಯೊಡ್ಡಬೇಕಾಗಿ ಬಂದಾಗ. ಆಗ ಪ್ರಧಾನಿಯಾಗಿದ್ದವರು ಜೇಮ್ಸ್ ಕ್ಯಾಲಹನ್.