ಮನೆಯೊಳಗಿನ ಟಂಕಸಾಲೆ: ಲಾಭವೆಷ್ಟು, ಬಿಲ್ಲೆಷ್ಟು?

ಹಣ ಯಾರದೇ ಆಗಿರಲಿ, ಬೀಗದ ಕೈ ಮತ್ತು ಲೆಕ್ಕದ ಪುಸ್ತಕ ಯಾರ ಬಳಿ ಇವೆಯೋ ಅವರದೇ ಅಧಿಕಾರ. ಕಿತ್ತೂರಿಗೆ ಈ ಮಾತು ಹೊಸದಲ್ಲ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟ. ಅಕ್ಟೋಬರ್ 23ರ ಕಾಳಗಕ್ಕೆ ಇದೂ ಒಂದು ಕಾರಣವಾಯಿತು.

ಬಿಟ್‌ಕಾಯಿನ್ನಿನ ಮೂಲದಲ್ಲಿರುವುದೂ ಇದೇ ಪ್ರಶ್ನೆ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಬರಹ, ನಡುವೆ ಬ್ಯಾಂಕಿಲ್ಲದೆ ಹಣ ಸಾಗಿಸುವ ಬಗೆಯನ್ನು ವಿವರಿಸಿತು. ಬೈಲಹೊಂಗಲದ ಹತ್ತಿ ವ್ಯಾಪಾರಿಯ ಕಿರ್ದಿ ಅವರ ಅಂಗಡಿಯಲ್ಲೇ ಇರುತ್ತದೆ. ಬಿಟ್‌ಕಾಯಿನ್ನಿನ ಕಿರ್ದಿಯ ನಕಲನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹಾಗೆ ನಕಲಿಟ್ಟು ಪ್ರತಿ ನಮೂದನ್ನೂ ತಾಳೆ ನೋಡುವ ಕಂಪ್ಯೂಟರೇ ‘ನೋಡ್’. ಸುಮಾರು 10 ನಿಮಿಷಕ್ಕೊಮ್ಮೆ ಹೊಸ ಪುಟ ಬರೆಯುವ ಹಕ್ಕಿಗಾಗಿ ಪೈಪೋಟಿ ನಡೆಸುವ ಯಂತ್ರ ‘ಮೈನರ್’. ಗೆದ್ದವರಿಗೆ ಹೊಸ ನಾಣ್ಯಗಳ ಬಹುಮಾನ.

2009ರ ಜನವರಿಯಲ್ಲಿ ಮೊದಲ ಪುಟ ಬಿದ್ದಾಗ ಸಾಮಾನ್ಯ ಕಂಪ್ಯೂಟರ್ ಸಾಕಾಗಿತ್ತು. ಬಹುಮಾನ 50 ನಾಣ್ಯ. 2010ರಲ್ಲಿ ವಿಡಿಯೋ ಆಟಗಳ ಗ್ರಾಫಿಕ್ಸ್ ಕಾರ್ಡ್ ಬಂತು. 2013ರಲ್ಲಿ ಇದೊಂದೇ ಲೆಕ್ಕಕ್ಕೆಂದು ತಯಾರಾದ ‘ಏಸಿಕ್’ ಯಂತ್ರಗಳು ಬಂದು ಉಳಿದವನ್ನೆಲ್ಲ ಮೂಲೆಗೆ ತಳ್ಳಿದವು. ವಿದ್ಯುತ್ ಮಗ್ಗದ ಎದುರು ಕೈಮಗ್ಗ ಸೊರಗಿದ್ದನ್ನು ಕಂಡ ರಾಮದುರ್ಗದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಮನೆಯಲ್ಲಿ ಮೈನರ್ ಇಟ್ಟರೆ ಗಿಟ್ಟೀತೇ? 2016ರಲ್ಲಿ ಮಾರುಕಟ್ಟೆಗೆ ಬಂದ ಆಂಟ್‌ಮೈನರ್ ಎಸ್9 ಸೆಕೆಂಡಿಗೆ ಸುಮಾರು 14 ಲಕ್ಷ ಕೋಟಿ ಲೆಕ್ಕ ಹಾಕುತ್ತದೆ. ಸುಮಾರು 1,350 ವಾಟ್ ವಿದ್ಯುತ್ ನುಂಗುತ್ತದೆ. ಹಗಲಿರುಳು ಓಡಿದರೆ ತಿಂಗಳಿಗೆ 972 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಬಿಲ್ಲು 5,832 ರೂಪಾಯಿ. ಸವದತ್ತಿಯ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದ್ದರೂ ಕೆಳಗಿನ ಮನೆಗೆ ಕರೆಂಟು ಪುಕ್ಕಟೆ ಬರುವುದಿಲ್ಲ. 2024ರಲ್ಲಿ ಜಗತ್ತಿನ ಒಟ್ಟು ಮೈನರ್‌ಗಳ ಶಕ್ತಿ ಇಂಥ 4 ಕೋಟಿಗೂ ಹೆಚ್ಚು ಯಂತ್ರಗಳಿಗೆ ಸಮನಾಗಿತ್ತು. ಆ ಲೆಕ್ಕದಲ್ಲಿ ಒಂಟಿ ಯಂತ್ರ ಒಂದು ಪುಟ ಗೆಲ್ಲಲು ಸರಾಸರಿ 800 ವರ್ಷ ಬೇಕು. ಬಹುಮಾನವೂ 2024ರ ಏಪ್ರಿಲ್‌ನಿಂದ 3.125 ನಾಣ್ಯಕ್ಕೆ ಇಳಿದಿದೆ. ಯಂತ್ರದ ಸದ್ದು, ಬಿಸಿ ಬೇರೆ. ಇದರ ಮೇಲೆ 2022ರ ಏಪ್ರಿಲ್‌ನಿಂದ ಇಂಥ ಗಳಿಕೆಗೆ ಶೇ 30 ತೆರಿಗೆ. ಮೈನಿಂಗ್ ಯಂತ್ರಕ್ಕೆ ಸುರಿದ ಹಣವನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ.

ನೋಡ್‌ನ ಕಥೆ ಬೇರೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಸಾಕು. 8 ಜಿಬಿ ಮೆಮೊರಿ ಇದ್ದರೆ ಒಳ್ಳೆಯದು. ಇಡೀ ಕಿರ್ದಿ ಈಗಾಗಲೇ 600 ಜಿಬಿ ದಾಟಿರುವುದರಿಂದ 2 ಟಿಬಿ ಎಸ್‌ಎಸ್‌ಡಿ ಕೊಳ್ಳುವುದು ಜಾಣತನ. ಕರೆಂಟು ಕೈಕೊಟ್ಟಾಗ ಲೆಕ್ಕ ಕೆಡದಂತೆ ಒಂದು ಚಿಕ್ಕ ಯುಪಿಎಸ್ ಬೇಕು. ತಿಂಗಳಿಗೆ ಹತ್ತು ಯೂನಿಟ್ಟಿನ ಆಸುಪಾಸು ಖರ್ಚು.

ನೋಡ್ ಒಂದು ಪೈಸೆಯನ್ನೂ ದುಡಿದು ಕೊಡುವುದಿಲ್ಲ. ಆದರೆ ಲೆಕ್ಕ ಸರಿಯಿದೆಯೇ ಎಂದು ಯಾರನ್ನೂ ಕೇಳದೆ ತಾನೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ. ದುಡಿಮೆಯ ಆಸೆಗೆ ಹಳೆಯ ಮೈನರ್ ಕೊಳ್ಳಹೊರಟವರು ಮೊದಲು ಹೆಸ್ಕಾಂ ಬಿಲ್ಲನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕುವುದು ಲೇಸು.